ಅಪ್ಪಾಜಿ, ಸಂಚಕಾರ ಕೊಡಬೇಡಿ

ಲೆಸ್ಟರ್, ಇಂಗ್ಲೆಂಡ್
13 ಸೆಪ್ಟೆಂಬರ್ 2020, ಭಾನುವಾರ

ಅಪ್ಪಾಜಿಗೆ, ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿಮ್ಮ ನಾಲ್ಕು ಪುಟದ ಕಾಗದದ ಫೋಟೋ ಮಂಜ ಶುಕ್ರವಾರ ಕಳಿಸಿದ. ನೈಟ್ ಶಿಫ್ಟ್ ಮುಗಿಸಿ ಬಂದು ಓದಿದೆ. ಆಮೇಲೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ, ದುಡ್ಡಿನ ಮಾತು ಬಂದ ಕೂಡಲೇ ನೀವು "ಆಯ್ತಮ್ಮ, ನೋಡೋಣ" ಅಂದು ಫೋನ್ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಮಂಜ ಪ್ರಿಂಟ್ ತೆಗೆದು ಕೊಡುತ್ತಾನೆ. ಕೊನೇತನಕ ಓದಿ.

ಮೊದಲು ಒಂದು ಮಾತು. ಬಾಡಿಗೆಗೆ ಬಿಡಲು ನೀವು ಕೊಳ್ಳಬೇಕು ಅಂದುಕೊಂಡಿರುವ ಆ ಬಿಲ್ಡಿಂಗಿಗೆ ಸಂಚಕಾರದ ದುಡ್ಡು, ಅಂದರೆ ಮುಂಗಡ, ಕೊಡಬೇಡಿ. ಈಗ ಪಿತೃಪಕ್ಷ. 17ಕ್ಕೆ ಮಹಾಲಯ ಅಮಾವಾಸ್ಯೆ ಮುಗಿದರೆ ಮರುದಿನದಿಂದ ಅಕ್ಟೋಬರ್ 16ರ ತನಕ ಅಧಿಕ ಮಾಸ. ನಮ್ಮ ಕಡೆ ಈ ದಿನಗಳಲ್ಲಿ ಯಾರು ಮನೆ ತಗೊಳ್ಳುತ್ತಾರೆ? ಬ್ರೋಕರ್ ಅವಸರ ಮಾಡಿದರೆ ಅಮ್ಮನ ಹೆಸರು ಹೇಳಿ, ಮನೆಯಲ್ಲಿ ಒಪ್ಪುತ್ತಿಲ್ಲ ಅನ್ನಿ. ಒಂದು ತಿಂಗಳು ಟೈಮ್ ಸಿಗುತ್ತೆ.

"ಕೊರೊನಾ ಕಾಲದಲ್ಲಿ ಸಿಕ್ಕ ರೇಟು ಮತ್ತೆ ಸಿಗಲ್ಲ" ಅಂತ ಬರೆದಿದ್ದೀರಿ. "ಬಾಡಿಗೆ ಮನೆ ಅಂದ್ರೆ ತಿಂಗಳು ತಿಂಗಳು ಪಿಂಚಣಿ ಬಂದ ಹಾಗೆ, ನೀನೂ ಅಲ್ಲಿ ಮಾಡಿಲ್ವಾ" ಅಂತಲೂ ಬರೆದಿದ್ದೀರಿ. ಆ ಸಾಲು ಓದಿ ನನಗೆ ತುಂಬಾ ಸಂಕಟ ಆಯ್ತು. ಯಾಕಂದ್ರೆ ನಾನು ನಿಮಗೆ ಒಂದು ವಿಷಯ ಹೇಳಿಲ್ಲ.

2018ರಲ್ಲಿ ನಾವು ತಗೊಂಡ ಆ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಏಪ್ರಿಲ್‌ನಿಂದ ಜುಲೈ ತನಕ ಒಂದು ಪೌಂಡ್ ಬಾಡಿಗೆಯೂ ಬರಲಿಲ್ಲ. ಬಾಡಿಗೆಗೆ ಇರುವ ಹುಡುಗ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಹೆಂಡತಿ, ಒಂದು ಸಣ್ಣ ಮಗು. ಮಾರ್ಚ್ 23ಕ್ಕೆ ಇಲ್ಲಿ ಲಾಕ್‌ಡೌನ್ ಆಯ್ತು, ಹೋಟೆಲು ಮುಚ್ಚಿತು. ಕೆಲಸ ನಿಂತವರಿಗೆ ಇಲ್ಲಿನ ಸರ್ಕಾರ ಸಂಬಳದ ಶೇ. 80 ಕೊಡುತ್ತಿತ್ತು, ತಿಂಗಳಿಗೆ 2,500 ಪೌಂಡ್ ತನಕ. ಆದರೆ ಅವನಿಗೆ ಸಂಬಳ ಕೈಗೆ ನಗದಾಗಿ ಬರುತ್ತಿತ್ತು, ಲೆಕ್ಕದ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ. ಅವನಿಗೆ ಏನೂ ಸಿಗಲಿಲ್ಲ. ಏಪ್ರಿಲ್ ಒಂದನೇ ತಾರೀಖು ಅವನೇ ಫೋನ್ ಮಾಡಿದ. ಹಿಂದೆ ಮಗು ಅಳುತ್ತಿತ್ತು. "ಈ ತಿಂಗಳು ಆಗಲ್ಲ ಅಕ್ಕ" ಅಂದ. ನಾಲ್ಕು ತಿಂಗಳು ಅದೇ ಮಾತು.

ಬಾಡಿಗೆ ನಿಂತಿತು, ಸಾಲ ನಿಲ್ಲಲಿಲ್ಲ ಅಪ್ಪಾಜಿ. ಬ್ಯಾಂಕಿನವರು ಮೂರು ತಿಂಗಳು ಕಂತು ಕಟ್ಟುವುದು ಬೇಡ ಅಂದರು. ಆ ಮೂರು ತಿಂಗಳ ಬಡ್ಡಿ, ಹತ್ತಿರ ಹತ್ತಿರ 790 ಪೌಂಡ್, ಸಾಲಕ್ಕೇ ಸೇರಿಸಿದರು. ನಮ್ಮ ದುಡ್ಡಿನಲ್ಲಿ ಎಪ್ಪತ್ತೈದು ಸಾವಿರ ಆಯ್ತು. ಬಿಲ್ಡಿಂಗಿನ ಮೇಂಟೆನೆನ್ಸ್ ತಿಂಗಳಿಗೆ 90 ಪೌಂಡ್ ಕಟ್ಟಲೇಬೇಕು. ಮೇ ತಿಂಗಳಲ್ಲಿ ಬಿಸಿನೀರಿನ ಬಾಯ್ಲರ್ ಕೆಟ್ಟಿತು. ಬಾಡಿಗೆ ಬರಲಿ ಬಿಡಲಿ, ಅದನ್ನು ಮಾಲೀಕರೇ ರಿಪೇರಿ ಮಾಡಿಸಬೇಕು. ಮಾಡಿಸಿದೆವು.

ಗಾಬರಿ ಆಗಬೇಡಿ. ನಮಗೇನೂ ತೊಂದರೆ ಆಗಿಲ್ಲ. ನನಗೂ ಇವರಿಗೂ ಸಂಬಳ ಒಂದು ದಿನವೂ ತಪ್ಪಿಲ್ಲ. ಆರು ತಿಂಗಳ ಖರ್ಚಿಗೆ ಬೇರೆ ದುಡ್ಡು ಎತ್ತಿಟ್ಟಿದ್ದೆವು. ನಿಜವಾಗಲೂ ಏನೂ ಆಗಿಲ್ಲ. ಅಮ್ಮ, ನೀನು ಇದನ್ನೇ ಹಿಡಿದುಕೊಂಡು ಬಿಪಿ ಏರಿಸಿಕೊಳ್ಳಬೇಡ. ಆ ಹುಡುಗನಿಗೂ ಈಗ ಗೋದಾಮಿನಲ್ಲಿ ಕೆಲಸ ಸಿಕ್ಕಿದೆ. ಆಗಸ್ಟ್‌ನಿಂದ ಪೂರ್ತಿ 650 ಕೊಡುತ್ತಿದ್ದಾನೆ. ಹಳೇ ಬಾಕಿ 2,600ಕ್ಕೆ ತಿಂಗಳಿಗೆ 50ರ ಹಾಗೆ ಸೇರಿಸುತ್ತಾನೆ. ತೀರಲು ನಾಲ್ಕು ವರ್ಷದ ಮೇಲೆ ಬೇಕು.

"ಖಾಲಿ ಮಾಡಿಸಬೇಕಿತ್ತು" ಅಂತ ಚಿಕ್ಕಪ್ಪ ಅನ್ನಬಹುದು. ಇಲ್ಲಿ ಅದು ಆಗಲ್ಲ. ಮನೆ ಖಾಲಿ ಮಾಡಿಸುವ ಕೇಸುಗಳನ್ನೇ ಕೋರ್ಟುಗಳು ಮಾರ್ಚ್ ಕೊನೆಯಿಂದ ನಿಲ್ಲಿಸಿವೆ, ಇದೇ 20ರ ತನಕ. ಆಗಸ್ಟ್ 29ರಿಂದ ನೋಟಿಸ್ ಕೊಟ್ಟರೂ ಹೆಚ್ಚಿನ ಕೇಸಿನಲ್ಲಿ ಆರು ತಿಂಗಳು ಕಾಯಬೇಕು. ಇಲ್ಲಿನ ಕಟ್ಟುಪಾಡು ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತೆ. ನಮ್ಮದೇ ಮನೆಯೊಳಗೆ ಕಾಲಿಡಲು 24 ಗಂಟೆ ಮುಂಚೆ ತಿಳಿಸಬೇಕು. ಅಡ್ವಾನ್ಸ್ ಐದು ವಾರದ ಬಾಡಿಗೆಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ, ಅದನ್ನೂ ಸರ್ಕಾರ ಒಪ್ಪಿದ ಯೋಜನೆಯಲ್ಲಿ ನೋಂದಾಯಿಸಬೇಕು. ಗ್ಯಾಸ್ ಪೈಪು, ಒಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಕೊಡಬೇಕು. ನನಗೆ ಇದೆಲ್ಲ ಒಳ್ಳೆಯದೇ ಅನ್ನಿಸುತ್ತೆ. ಬಾಡಿಗೆಗೆ ಇರುವವರೂ ಮನುಷ್ಯರು ಅಂತ ಕಾಗದದ ಮೇಲೆ ಬರೆದಿಟ್ಟಿದ್ದಾರೆ.

ಮತ್ತೆ, ಕಾನೂನು ಬಿಟ್ಟಿದ್ದರೂ ನನ್ನ ಕೈಲಿ ಆಗುತ್ತಿರಲಿಲ್ಲ. ಕೌಲ್ ಬಜಾರಿನ ಮನೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅಮ್ಮ ಬಾಡಿಗೆ ದುಡ್ಡನ್ನು ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಮಡಿಸಿ ಅಕ್ಕಿ ಡಬ್ಬಿಯ ತಳಕ್ಕೆ ಇಡುತ್ತಿದ್ದಳು. ನಿಮ್ಮ ಕಾಲು ಮುರಿದು ಮೂರು ತಿಂಗಳು ಡ್ಯೂಟಿಗೆ ಹೋಗದೇ ಇದ್ದಾಗ ಆ ಡಬ್ಬಿಯಲ್ಲಿ ಅಕ್ಕಿ ಬಿಟ್ಟರೆ ಏನೂ ಇರಲಿಲ್ಲ. ಒಂದು ಸಂಜೆ ಮನೆ ಮಾಲೀಕರ ಅಜ್ಜಿ ಬರುವುದು ನೋಡಿ ನಾನು ಮಂಜನ ಬಾಯಿ ಮುಚ್ಚಿ ಬಾಗಿಲ ಹಿಂದೆ ನಿಂತುಬಿಟ್ಟೆ. ಅಜ್ಜಿ ಬಂದವಳೇ ಸೆರಗಿನಿಂದ ನಾಲ್ಕು ಸಜ್ಜಿ ರೊಟ್ಟಿ ತೆಗೆದು ಇಟ್ಟಳು. ನಿಮ್ಮ ಕಾಲು ಹೇಗಿದೆ ಅಂತ ಕೇಳಿ ಹೋದಳು. ಬಾಡಿಗೆ ಕೇಳಲಿಲ್ಲ. ಆಮೇಲೆ ನೀವು ತಿಂಗಳಿಗೆ ಐವತ್ತು ರೂಪಾಯಿ ಹಾಗೆ ಆ ಬಾಕಿ ತೀರಿಸಿದಿರಿ ಅಲ್ವಾ. ಇಲ್ಲಿ ಈ ಹುಡುಗ "ತಿಂಗಳಿಗೆ ಐವತ್ತು ಕೊಡಲಾ ಅಕ್ಕ" ಅಂದಾಗ ನನಗೆ ಮಾತೇ ಹೊರಡಲಿಲ್ಲ.

ಈಗ ನಿಮ್ಮ ಬಿಲ್ಡಿಂಗಿನ ಲೆಕ್ಕಕ್ಕೆ ಬರುತ್ತೇನೆ. ನೀವು ಬರೆದದ್ದನ್ನೇ ಕೂಡಿಸಿ ನೋಡಿದೆ.

ರೇಟು 52 ಲಕ್ಷ. ನಿಮ್ಮ ಪಿಎಫ್, ಗ್ರಾಚ್ಯುಟಿ ಸೇರಿ 25. ಮಂಜನ ಹೆಸರಲ್ಲಿ ಸಾಲ 20. ನಾನು ಕೊಡಬೇಕಾದ್ದು 7. ಬ್ರೋಕರ್ ಹೇಳಿದ್ದು ತಿಂಗಳಿಗೆ 22 ಸಾವಿರ ಬಾಡಿಗೆ. ಅದು ನಾಲ್ಕು ಪೋರ್ಶನ್, ಎರಡು ಅಂಗಡಿ ಎಲ್ಲ ತುಂಬಿದ್ದಾಗ. ಈಗ? ನೀವೇ ಬರೆದಿದ್ದೀರಿ, ಎರಡೂ ಅಂಗಡಿ ಶಟರ್ ಎಳೆದಿವೆ, ಎರಡು ಪೋರ್ಶನ್ ಖಾಲಿ. ಜೀನ್ಸ್ ಹೊಲಿಯುವವರು ಊರಿಗೆ ಹೋದವರು ತಿರುಗಿ ಬಂದಿಲ್ಲ. ಬರುತ್ತಿರುವುದು ಒಂಬತ್ತು ಸಾವಿರ. ಸಾಲದ ಕಂತು, ಶೇ. 7.5 ಬಡ್ಡಿ, 15 ವರ್ಷ ಅಂತ ಹಿಡಿದರೂ ಹದಿನೆಂಟೂವರೆ ಸಾವಿರ. ಉಳಿದ ಒಂಬತ್ತೂವರೆ ಸಾವಿರ ಪ್ರತಿ ತಿಂಗಳು ಎಲ್ಲಿಂದ ತರುತ್ತೀರಿ? ಪಿಎಫ್ ಪಿಂಚಣಿ ಮೂರು ಸಾವಿರ ಚಿಲ್ಲರೆ. ಮಂಜನಿಗೆ ಏಪ್ರಿಲ್‌ನಿಂದ ಅರ್ಧ ಸಂಬಳ. ಜೀನ್ಸ್ ಘಟಕಕ್ಕೆ ಆರ್ಡರ್ ಇಲ್ಲ ಅಂದರೆ ಬಾಡಿಗೆದಾರನೂ ಕೊಡಲ್ಲ, ಮಂಜನಿಗೂ ಸಂಬಳ ಇಲ್ಲ. ಎರಡೂ ಒಂದೇ ದಿನ ನಿಲ್ಲುತ್ತೆ. ನನಗೆ ಹೆದರಿಕೆ ಆಗಿರುವುದು ಇದೇ ಜಾಗದಲ್ಲಿ. ಲೆಸ್ಟರ್ ಕೂಡ ನಮ್ಮ ಬಳ್ಳಾರಿ ಹಾಗೆ ಬಟ್ಟೆ ಹೊಲಿಯುವ ಊರು. ಒಂದೇ ಕಸುಬನ್ನು ನಂಬಿದ ಬೀದಿಗಳಲ್ಲಿ ಹೇಗೆ ಮನೆ ಮನೆಗೂ ಒಟ್ಟಿಗೆ ಕಷ್ಟ ಬರುತ್ತೆ ಅಂತ ಈ ಬೇಸಿಗೆಯಲ್ಲಿ ಕಣ್ಣಾರೆ ನೋಡಿದ್ದೇನೆ.

52 ಲಕ್ಷದ ಮೇಲೆ ಸ್ಟಾಂಪು, ರಿಜಿಸ್ಟ್ರೇಷನ್ ಅಂತ ಇನ್ನೂ ಮೂರೂವರೆ ಲಕ್ಷದ ಹತ್ತಿರ ಬೀಳುತ್ತೆ. ಅದು ನಿಮ್ಮ ಕಾಗದದಲ್ಲಿ ಇಲ್ಲ.

ಮಾರುವವರಿಗೆ ಯಾಕೆ ಇಷ್ಟು ಅವಸರ ಅಂತ ವಿಚಾರಿಸಿ. ಬಿಲ್ಡಿಂಗ್ ಮೇಲೆ ಬ್ಯಾಂಕ್ ಸಾಲ ಇದೆ ಅಂತ ನೀವೇ ಬರೆದಿದ್ದೀರಿ. ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಕೊಟ್ಟಿದ್ದ ಮೊರಟೋರಿಯಂ ಆಗಸ್ಟ್ 31ಕ್ಕೆ ಮುಗಿಯಿತು. ಬಡ್ಡಿ ಮೇಲಿನ ಬಡ್ಡಿ ಬಿಡಬೇಕೋ ಬೇಡವೋ ಅಂತ ಸುಪ್ರೀಂ ಕೋರ್ಟಿನಲ್ಲಿ ಕೇಸು ಇನ್ನೂ ನಡೀತಿದೆ. ಆರು ತಿಂಗಳ ಕಂತು ಕಟ್ಟದೇ ಇದ್ದರೆ ಅವರಿಗೆ ಈಗ ಕುತ್ತಿಗೆಗೆ ಬಂದಿರುತ್ತೆ. ಅದೇ ಬಾಡಿಗೆ ನಂಬಿ ಸಾಲ ಮಾಡಿದವರಿಗೆ ಸಾಲ ತೀರಿಸಲು ಆಗಿಲ್ಲ. ಅದೇ ಬಾಡಿಗೆ ನಂಬಿ ನಾವು ಹೇಗೆ ಸಾಲ ಮಾಡೋಣ ಹೇಳಿ.

ನನ್ನ ಹೆಸರಿಗೆ ಅರ್ಧ ಮಾಡಿಸುವ ಮಾತಂತೂ ಬೇಡ. ಎನ್‌ಆರ್‌ಐ ಮಾಲೀಕರಿಗೆ ಬಾಡಿಗೆ ಕೊಡುವವರು ಶೇ. 30ರ ಮೇಲೆ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಿ ಉಳಿದದ್ದು ಕೊಡಬೇಕು. ಹೊಲಿಗೆ ಕೆಲಸದವರು ಆ ತಾಪತ್ರಯ ಎಲ್ಲಿ ಮಾಡುತ್ತಾರೆ?

ಇನ್ನೊಂದು. ಅಲ್ಲಿ ಇರುವ ಎರಡು ಮನೆಯವರ ಅಡ್ವಾನ್ಸ್ ಈಗ ಮಾಲೀಕರ ಹತ್ತಿರ ಇರುತ್ತೆ. ನೀವು ಕೊಂಡರೆ ಅವರು ಬಿಡುವಾಗ ವಾಪಸ್ ಕೊಡಬೇಕಾದವರು ನೀವು. ಅಂಗಡಿಯವರದ್ದೂ ಹಾಗೇ, ಇನ್ನೂ ಬಾಕಿ ಇದ್ದರೆ. ಅಷ್ಟೂ ದುಡ್ಡನ್ನು ರೇಟಿನಲ್ಲಿ ಮುರಿದುಕೊಳ್ಳುವ ಮಾತೇ ಬ್ರೋಕರ್ ಎತ್ತಿಲ್ಲ. ಚಿಲ್ಲರೆ ಇಲ್ಲದಾಗ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟು, ಪ್ಯಾಸೆಂಜರ್ ಮರೆತು ಇಳಿದರೆ ಬಸ್ ನಿಲ್ಲಿಸಿ ಕರೆದು ಕೊಡುತ್ತಿದ್ದವರು ನೀವು. ಮೂವತ್ತು ವರ್ಷದ ಕಂಡಕ್ಟರ್ ಕೆಲಸದಲ್ಲಿ ಒಬ್ಬರ ಎಂಟಾಣೆ ಇಟ್ಟುಕೊಂಡವರಲ್ಲ. ನಾಳೆ ಒಬ್ಬ ಟೈಲರ್ ಬಂದು "ಸಾಹೇಬ್ರೆ, ನನ್ನ ಅಡ್ವಾನ್ಸ್" ಅಂದರೆ ಕೈಯಿಂದ ಕೊಟ್ಟುಬಿಡುತ್ತೀರಿ. ಬಾಡಿಗೆ ಕೊಡದಿದ್ದರೆ ಬಾಗಿಲು ಬಡಿಯಲು ನಿಮಗೆ ಬರಲ್ಲ. ಬರಲೂ ಬಾರದು. ನಿಮ್ಮಂಥವರು ಮನೆ ಮಾಲೀಕರು ಆಗಬೇಕು ಅಪ್ಪಾಜಿ, ಅದು ನನಗೆ ಇಷ್ಟವೇ. ಆದರೆ ಆರು ತಿಂಗಳು, ವರ್ಷ ಬಾಡಿಗೆ ಬರದೇ ಇದ್ದರೂ ಮನೆ ನಡೆಯುವ ಹಾಗಿರಬೇಕು. ಸಾಲ ತಲೆ ಮೇಲೆ ಇದ್ದರೆ ನೀವು ಕೇಳಲೂ ಆಗದೆ, ಬಿಡಲೂ ಆಗದೆ ಒಳಗೊಳಗೇ ಕೊರಗುತ್ತೀರಿ.

ಹಾಗಾದರೆ ದುಡ್ಡು ಏನು ಮಾಡೋದು ಅಂತೀರಿ. ಎಫ್‌ಡಿ ಬಡ್ಡಿ ಶೇ. 5ರ ಆಸುಪಾಸಿಗೆ ಬಂದಿದೆ, ನಿಮ್ಮ ಸಿಟ್ಟು ನ್ಯಾಯವೇ. ಆದರೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಅರವತ್ತು ತುಂಬಿದವರಿಗೆ, ಈಗ ಶೇ. 7.4. ಹದಿನೈದು ಲಕ್ಷದ ತನಕ ಇಡಬಹುದು, ಐದು ವರ್ಷಕ್ಕೆ. ಮೂರು ತಿಂಗಳಿಗೊಮ್ಮೆ 27,750 ಕೈಗೆ ಬರುತ್ತೆ. ತಿಂಗಳಿಗೆ ಹಾಕಿದರೆ ಒಂಬತ್ತು ಸಾವಿರದ ಮೇಲೆ. ಆ 52 ಲಕ್ಷದ ಬಿಲ್ಡಿಂಗಿನಿಂದ ಇವತ್ತು ಬರುತ್ತಿರುವಷ್ಟೇ ಅಲ್ವಾ! ಸಾಲ ಇಲ್ಲ, ಶಟರ್ ಇಲ್ಲ, ಟ್ಯಾಂಕ್ ಸೋರಲ್ಲ. ಉಳಿದ ಹತ್ತರಲ್ಲಿ ಐದು ಲಕ್ಷ ಅಮ್ಮನ ಔಷಧಿಗೆ, ಮಂಜನ ಮದುವೆಗೆ ಅಂತ ಮುಟ್ಟದೇ ಇಡಿ. ಇನ್ನೈದಕ್ಕೆ ನನ್ನ ಏಳು ಸೇರಿಸುತ್ತೇನೆ. ಊರು ತೆರೆದ ಮೇಲೆ ಕಪ್ಪಗಲ್ ರಸ್ತೆಯ ನಮ್ಮ ಮನೆ ಮೇಲೆಯೇ ಒಂದು ಪೋರ್ಶನ್ ಕಟ್ಟಿಸಿ. ಬಾಡಿಗೆದಾರರು ಕಣ್ಣೆದುರಿಗೇ ಇರುತ್ತಾರೆ, ಅಮ್ಮನಿಗೂ ಮಾತಿಗೆ ಜನ ಆಗುತ್ತೆ. ಮೇಲೆ ಬಿಸಿಲು ಜಾಸ್ತಿ, ಒಳ್ಳೆ ಸುಣ್ಣ ಹೊಡೆಸಿದರೆ ಆಯ್ತು.

ಇಷ್ಟೆಲ್ಲ ಹೇಳಿದರೂ ಆ ಬಿಲ್ಡಿಂಗೇ ಬೇಕು ಅನ್ನಿಸಿದರೆ ಇಸಿ (ಋಣಭಾರ ಪತ್ರ) ತೆಗೆಸಿ, ಪಾಲಿಕೆಯ ಖಾತಾ, ಟ್ಯಾಕ್ಸ್ ರಸೀದಿ, ಕರೆಂಟ್ ಬಾಕಿ ನೋಡಿ, ವಕೀಲರಿಗೆ ತೋರಿಸಿ. ಬಾಡಿಗೆದಾರರನ್ನು ನೀವೇ ಮಾತಾಡಿಸಿ, ಬ್ರೋಕರ್ ಇಲ್ಲದ ಹೊತ್ತಲ್ಲಿ.

ರೇಟು ಏರಿಬಿಡುತ್ತೆ ಅನ್ನುವ ಭಯ ಇಲ್ಲೂ ಇದೆ. ಜುಲೈಯಿಂದ ಐದು ಲಕ್ಷ ಪೌಂಡ್ ತನಕದ ಮನೆಗೆ ಇಲ್ಲಿನ ಸರ್ಕಾರ ಸ್ಟಾಂಪ್ ಡ್ಯೂಟಿ ಬಿಟ್ಟಿದೆ, ಬರುವ ಮಾರ್ಚ್ ತನಕ. ಎರಡನೇ ಮನೆ ಕೊಳ್ಳುವವರಿಗೆ ಶೇ. 3 ಇದ್ದೇ ಇದೆ. ಆದರೂ ಜನ ಮುಗಿಬಿದ್ದಿದ್ದಾರೆ. ಇವರು ಇನ್ನೊಂದು ತಗೊಳ್ಳೋಣವಾ ಅಂದರು. ಬೇಡ ಅಂದೆ.

ಇಲ್ಲಿ ಸೋಜಿಗ ಒಂದಾ ಎರಡಾ. ಆಗಸ್ಟ್ ತಿಂಗಳು ಸೋಮವಾರದಿಂದ ಬುಧವಾರ ಹೋಟೆಲಿನಲ್ಲಿ ಕೂತು ತಿಂದರೆ ತಲೆಗೆ ಹತ್ತು ಪೌಂಡ್ ತನಕ ಅರ್ಧ ಬಿಲ್ಲು ಸರ್ಕಾರವೇ ಕೊಡುತ್ತಿತ್ತು. ಪುಟ್ಟಿ ಸ್ಕೂಲಿಗೆ ಹೋಗುತ್ತಿದ್ದಾಳೆ. ಒಂದೊಂದು ಗುಂಪಿಗೆ ಬಬಲ್ ಅಂತಾರೆ, ಆ ಮಕ್ಕಳು ಬೇರೆ ಬಬಲ್ಲಿನವರ ಜೊತೆ ಆಡುವ ಹಾಗಿಲ್ಲ. ಬೇರೆ ಮನೆಯವರನ್ನು ನಮ್ಮ ಮನೆಗೆ ಕರೆಯಲು ಲೆಸ್ಟರಿನಲ್ಲಿ ಇನ್ನೂ ಬಿಟ್ಟಿಲ್ಲ. ಗಣೇಶನ ಹಬ್ಬಕ್ಕೆ ನಾವು ಮೂವರೇ. ಕಡುಬು ಮಾಡಿದ್ದೆ, ಚೆನ್ನಾಗಿ ಬಂದಿತ್ತು ಅಮ್ಮ.

ನನ್ನ ವಾರ್ಡಿನಲ್ಲಿ ಈಗ ರೋಗಿಗಳು ಕಮ್ಮಿ. ಮಾಸ್ಕ್, ಗೌನ್ ಎಲ್ಲ ಸರಿಯಾಗಿ ಕೊಡುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ನಿದ್ದೆ ಮಾಡುತ್ತೇನೆ. ನನ್ನ ಚಿಂತೆ ಒಂಚೂರೂ ಬೇಡ. ನೀವು ಮಾತ್ರ ಬ್ರೋಕರ್ ಜೊತೆ ಬೈಕಿನಲ್ಲಿ ಮಾಸ್ಕ್ ಇಲ್ಲದೆ ತಿರುಗಬೇಡಿ.

ಶಿಫ್ಟಿಗೆ ಹೊತ್ತಾಯ್ತು, ಬಸ್ಸು ಏಳಕ್ಕೆ. ಏಳು ಲಕ್ಷ ಎಲ್ಲಿಗೂ ಓಡಿಹೋಗಲ್ಲ, ಅದು ನಿಮ್ಮದೇ ಅಂದುಕೊಳ್ಳಿ. ಚಿಕ್ಕಪ್ಪನಿಗೆ, ಶಾಂತಕ್ಕನಿಗೆ ಕೇಳಿದೆ ಅಂತ ಹೇಳಿ. ಮಂಜನಿಗೆ ನಾಳೆಯೇ ಅಂಚೆ ಕಚೇರಿಗೆ ಹೋಗಿ ಫಾರಂ ತರಲು ಹೇಳಿ, ಆಧಾರ್, ಪ್ಯಾನ್, ಎರಡು ಫೋಟೋ ಬೇಕಾಗುತ್ತೆ. ಬುಧವಾರ ಫೋನ್ ಮಾಡುತ್ತೇನೆ, ಅಮ್ಮನ ಕೈಗೆ ಕೊಡಬೇಡಿ.

ನಿಮ್ಮ ಮಗಳು