ಹೂ ಕೊಯ್ಯಲು ನಾನೂ ಬರುತ್ತೇನೆ

ಉಡುಪಿ

ಪ್ರೀತಿಯ ಗೆಳೆಯ,

ಅಮ್ಮನ ಉತ್ತರಕ್ರಿಯೆ ಮುಗಿದ ಮೇಲೆ ಒಮ್ಮೆಯೂ ಮಲ್ಲಿಗೆ ತೋಟದ ಕಡೆ ಹೋಗಿಲ್ಲವೆಂದು ನೀನು ಬರೆದದ್ದನ್ನು ಓದಿದೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟುತ್ತಾ, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಾಕುತ್ತಿದ್ದವರು ಇಲ್ಲದ ಜಗಲಿಯನ್ನು ದಾಟಿ ಹೋಗುವುದು ಸುಲಭವಲ್ಲ, ಬಲ್ಲೆ.

ದುಃಖಕ್ಕೆ ಐದು ಹಂತಗಳಿವೆಯಂತೆ, ನಾನಿನ್ನೂ ಸಿಟ್ಟಿನ ಹಂತವನ್ನೇ ದಾಟಿಲ್ಲ ಎಂದೂ ಬರೆದಿದ್ದೀಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಆ ಹಂತಗಳನ್ನು ಮುಂದಿಟ್ಟದ್ದು ತಮ್ಮದೇ ಸಾವನ್ನು ಎದುರಿಸುತ್ತಿದ್ದ ರೋಗಿಗಳೊಡನೆ ಮಾತನಾಡಿ. ಉಳಿದವರ ಅಳುವಿಗೆ ಅದು ಅಳತೆಗೋಲಾದದ್ದು ಆಮೇಲೆ. ನೀನು ಯಾವ ಪರೀಕ್ಷೆಯಲ್ಲೂ ಹಿಂದೆ ಬಿದ್ದಿಲ್ಲ.

ಅಪ್ಪ ತೀರಿಕೊಂಡ ವರ್ಷ, ಆಟಿ ತಿಂಗಳ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹಾಲೆ ಮರದ ತೊಗಟೆಯ ಕಷಾಯ ಮಾಡಲಿಲ್ಲ. ಮರುವರ್ಷ ಹಿಂದಿನ ಸಂಜೆ ಅಮ್ಮ, ಏನೊಂದೂ ಹೇಳದೆ, ಅಪ್ಪನ ಚೂಪುಗಲ್ಲನ್ನು ತೊಳೆದು ಜಗಲಿಯ ಮೇಲಿಟ್ಟರು. ಹಾಲೆಯೆಂದು ತಿಳಿದು ವಿಷದ ಕಾಸರಕ ಮರದ ತೊಗಟೆ ತಂದು ಕುಡಿದರೆ ಜೀವಕ್ಕೇ ಅಪಾಯವಾದ್ದರಿಂದ, ಅಪ್ಪ ಹಗಲಲ್ಲೇ ಮರವನ್ನು ಗುರುತಿಸಿ ಕಾಂಡಕ್ಕೆ ಬಳ್ಳಿ ಸುತ್ತಿ ಬರುತ್ತಿದ್ದರು. ಹಾಲೆಯ ಗಿಣ್ಣಿನ ಸುತ್ತಲಿನ ಏಳು ಎಲೆಗಳನ್ನು ಎಣಿಸಲು ನನಗೆ ಕಲಿಸಿದವರೂ ಅವರೇ. ಸೂರ್ಯ ಹುಟ್ಟುವ ಮೊದಲು, ಸುರಿಯುವ ಮಳೆಯಲ್ಲಿ, ಕತ್ತಿ ತಾಗಿಸದೆ ಆ ಕಲ್ಲಿನಿಂದಲೇ ಜಜ್ಜಿದಾಗ ತೊಗಟೆಯ ಬಿಳಿ ಹಾಲು ಬೆರಳುಗಳ ಸಂದಿಗೆ ಇಳಿದು ಅಂಟಿಕೊಂಡಿತು. ಮರಕ್ಕೆ ಹಣೆಯಿಟ್ಟು ಅತ್ತುಬಿಟ್ಟೆ. (ಮಳೆಯಿದ್ದುದು ಒಳ್ಳೆಯದೇ ಆಯಿತು.) ಕಹಿ ಕುಡಿದು ಮೆಂತೆ ಗಂಜಿ ಉಣ್ಣುವಾಗ ತಂಗಿಯ ಮಗ, ಮುಂದಿನ ವರ್ಷ ತಾನೂ ಬರುತ್ತೇನೆಂದು ಹಟ ಹಿಡಿದ. ಅವನಿಗೆ ಎಲೆ ಎಣಿಸಲು ಕಲಿಸಬೇಕಾದವನು ಇನ್ನು ನಾನೇ ಎಂದು ಹೊಳೆದಾಗ, ಅಪ್ಪ ಹೋದ ಮೇಲೆ ಮೊದಲ ಬಾರಿಗೆ ಮುಂದಿನ ವರ್ಷವೆಂಬುದೊಂದಿದೆ ಎಂದು ನನಗೆ ಅನ್ನಿಸಿತ್ತು. ಅಪ್ಪನಿಲ್ಲದ ಕೊರಗು ಅದರಿಂದ ಕಡಿಮೆಯಾಗಲಿಲ್ಲ. ಕೈಗೆ ಕೆಲಸವೊಂದು ಬಂತು, ಅಷ್ಟೆ.

ಆದುದರಿಂದ ಗಿಡಗಳನ್ನು ಬೇರೆಯವರಿಗೆ ವಹಿಸಿಬಿಡುವ ತೀರ್ಮಾನವನ್ನು ಈಗಲೇ ಮಾಡಬೇಡ. ಶನಿವಾರ ರಾತ್ರಿಯೇ ಶಂಕರಪುರಕ್ಕೆ ಬಂದು ನಿನ್ನಲ್ಲಿ ಉಳಿಯುತ್ತೇನೆ, ನಸುಕಿಗೆ ಇಬ್ಬರೂ ತೋಟಕ್ಕೆ ಇಳಿಯೋಣ. ನನಗೆ ಮೊಗ್ಗು ಕೊಯ್ಯಲು ಬರುತ್ತದೆ, ಕಟ್ಟಲು ಬರುವುದಿಲ್ಲ. ನಿನಗೆ ಅಮ್ಮ ಕಲಿಸಿದ್ದಾರೆ. ಬಾಳೆಯ ನಾರನ್ನು ನೆನೆಹಾಕಿಡು.

ನಿನ್ನ ಗೆಳೆಯ