ಜೇನು ಪೆಟ್ಟಿಗೆ ಇಡೋಕೆ ಹೊರಟಿರೋರು ಓದಿ

ಎಲ್ರಿಗೂ ನಮಸ್ಕಾರ, ಹೊಸಬ್ರು ಎಲ್ಲಾ ಎಷ್ಟು ಕೆಜಿ ತುಪ್ಪ ಬರುತ್ತೆ ಅಂತ್ಲೇ ಕೇಳ್ತಿದೀರ, ಅದಕ್ಕಿಂತ ಮೊದ್ಲು ಸುತ್ತ ಒಂದೆರಡು ಕಿಲೋಮೀಟರಲ್ಲಿ ಯಾವ್ ತಿಂಗಳು ಏನ್ ಹೂ ಬಿಡುತ್ತೆ ನೋಡ್ಕೊಳ್ಳಿ, ಹೂವಿಲ್ದೇ ಇರೋ ಕಡೆ ಇಟ್ರೆ ಹುಳ ಗೂಡು ಖಾಲಿ ಮಾಡ್ಕೊಂಡ್ ಹೋಗುತ್ತೆ. ಹೂ ಕಮ್ಮಿ ಇರೋ ಟೈಮಲ್ಲಿ ಸಕ್ಕರೆ ಪಾಕ ಕೊಡ್ಲೇಬೇಕು.

ಹೆಜ್ಜೇನು ಪೆಟ್ಟಿಗೇಲಿ ನಿಲ್ಲಲ್ಲ, ಸಾಮಾನ್ಯವಾಗಿ ತುಡುವೆ (ನಮ್ಮ ನಾಡಿನ ಜೇನು) ಇಲ್ಲಾ ಮೆಲ್ಲಿಫೆರಾ (ಯುರೋಪಿನ ತಳಿ) ಇಡ್ತಾರೆ. ಜಮೀನು ಇಲ್ದೋರೂ ಮಾಡ್ಬಹುದು, ಅದೇ ಇದ್ರಲ್ಲಿ ದೊಡ್ಡ ಲಾಭ ನನ್ ಪ್ರಕಾರ. ಆದಾಯ ಬರೀ ತುಪ್ಪದಿಂದ ಅಲ್ಲ, ಮೇಣ ಇದೆ, ಒಂದು ಪೆಟ್ಟಿಗೆಯ ಜೇನು ಕುಟುಂಬನ ಪಾಲು ಮಾಡಿ ಮಾರ್ಬಹುದು, ಸೂರ್ಯಕಾಂತಿ, ಸೌತೆ, ಕುಂಬಳ ಬೆಳೆಯೋರಿಗೆ ಪರಾಗಸ್ಪರ್ಶಕ್ಕೆ ಪೆಟ್ಟಿಗೆ ಬಾಡಿಗೆಗೂ ಕೊಡ್ಬಹುದು. ಕಾಡುಗಿಡಗಳಿಗೂ ಬೀಜ ಕಟ್ಟುತ್ತೆ, ಅದಕ್ಕೆ ಯಾರೂ ಬಿಲ್ ಕಳ್ಸಲ್ಲ ಬಿಡಿ 😄

ಹುಳ ಇನ್ನೂ ಮೇಣದ ಮುಚ್ಚಳ ಕಟ್ಟದ ಎರಿಯಿಂದ (ಮೇಣದ ಹಲ್ಲೆ) ತುಪ್ಪ ತೆಗೀಬೇಡಿ, ನೀರಿನಂಶ ಶೇ. 20 ದಾಟಿದ್ರೆ ಹುಳಿ ಬರೋ ಚಾನ್ಸ್ ಜಾಸ್ತಿ. ಸ್ಟ್ಯಾಂಡ್ ಕಾಲಿಗೆ ನೀರಿನ ಬಟ್ಟಲು ಇಡಿ, ಇರುವೆ ಹತ್ತಲ್ಲ.

ಪಕ್ಕದ ಜಮೀನಿನವ್ರು ಔಷಧಿ ಹೊಡೆಯೋದಿದ್ರೆ ಹುಳ ಎಲ್ಲಾ ವಾಪಸ್ ಬಂದ್ಮೇಲೆ ಸಂಜೆ ಹೊಡೀರಿ, ಹೂ ಬಿಟ್ಟಿರೋವಾಗ ಬೇಡ ಅಂತ ಈಗ್ಲೇ ಮಾತಾಡಿಡಿ.