ಅಪ್ಪನನ್ನು ನಗುನಗುತ್ತಾ ಕಳಿಸಿಕೊಟ್ಟ ನಿಮಗೆಲ್ಲ

ಅಪ್ಪ ಹೋದ ದಿನದಿಂದ ಹನ್ನೊಂದನೇ ದಿನದ ಕಾರ್ಯದವರೆಗೆ ಎಷ್ಟೋ ಜನ ನಮ್ಮ ಜೊತೆ ನಿಂತಿರಿ. ಒಬ್ಬೊಬ್ಬರ ಮನೆಗೂ ಬಂದು ಹೇಳುವಷ್ಟು ಶಕ್ತಿ ಅಮ್ಮನಿಗೂ ನನಗೂ ಇನ್ನೂ ಬಂದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಕೆಎಸ್ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದರು. ಜಾಸ್ತಿ ವರ್ಷ ಕಳೆದದ್ದು ಮಂಡ್ಯ–ಮೈಸೂರು ರೂಟಿನಲ್ಲಿ. ಅವರ ಬಸ್ಸು ಹತ್ತಿದವರು ಶ್ರೀರಂಗಪಟ್ಟಣ ದಾಟುವುದರೊಳಗೆ ಒಂದು ಸಲವಾದರೂ ನಗಬೇಕಿತ್ತು. ಮಡಿಲಲ್ಲಿ ಕೋಳಿ ಇಟ್ಟುಕೊಂಡು ಕೂತ ಅಜ್ಜಿಯೊಬ್ಬರು ಕೋಳಿಗೂ ಟಿಕೆಟ್ ತಗೋಬೇಕಾ ಅಂತ ಜಗಳ ತೆಗೆದರಂತೆ. ಅಪ್ಪ ಟಿಕೆಟ್ ಹರಿದು ಕೊಟ್ಟು, ಪಕ್ಕದಲ್ಲಿ ಕೂತ ಯಜಮಾನರಿಗೆ, "ಸ್ವಲ್ಪ ಒತ್ತರಿಸ್ಕೊಳಿ ಸ್ವಾಮಿ, ಅದೂ ದುಡ್ಡು ಕೊಟ್ಟೈತೆ" ಅಂದರಂತೆ. ಅಜ್ಜಿಯೇ ಮೊದಲು ನಕ್ಕಿದ್ದು.

ನಿವೃತ್ತಿಯಾದ ಮೇಲೂ ಅದೇ ಕಥೆ. ದಿನಾ ಎಷ್ಟು ನಡೀತೀರಾ ಅಂತ ಡಾಕ್ಟರು ಕೇಳಿದರೆ, "ಮಂಡ್ಯದಿಂದ ಮೈಸೂರಿಗೆ ನಡೆದೇ ಹೋಗ್ತಿದ್ದೆ ಸಾರ್, ಬಸ್ಸಿನ ಒಳಗೆ" ಅಂದಿದ್ದರು.

ಕಾರ್ಯದ ದಿನ ಊಟ ಮುಗಿಸಿದ ಒಬ್ಬರು ಅಮ್ಮನ ಹತ್ತಿರ ಬಂದು ಕೂತರು. ತೂಬಿನಕೆರೆ ಕಡೆಯವರು. ಪಿಯುಸಿ ಓದುವಾಗ ಅಪ್ಪನ ಬಸ್ಸಿನಲ್ಲೇ ಮೈಸೂರಿಗೆ ಹೋಗಿ ಬರುತ್ತಿದ್ದರಂತೆ. ಮನೆಯಲ್ಲಿ ಕಷ್ಟ. ಬೆಳಗಿನ ಜಾವ ಎದ್ದು ಹಾಲು ಹಾಕಿ ಕಾಲೇಜಿಗೆ ಹೋಗಬೇಕು. ಸಂಜೆ ಬಸ್ಸಿನಲ್ಲಿ ನಿದ್ದೆ ಹೋಗಿಬಿಡುತ್ತಿದ್ದರು. ಅವರ ಸ್ಟಾಪ್ ಬಂದಾಗ ಅಪ್ಪ ಭುಜ ತಟ್ಟಿ ಎಬ್ಬಿಸಿ, "ಮೇಷ್ಟ್ರು ಇಳೀತವ್ರೆ, ದಾರಿ ಬಿಡಿ" ಅಂತ ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದರಂತೆ. ಜನ ನಿಜಕ್ಕೂ ದಾರಿ ಬಿಡುತ್ತಿದ್ದರಂತೆ. ಈಗ ಅವರು ಹೈಸ್ಕೂಲಿನಲ್ಲಿ ಮೇಷ್ಟ್ರು. ಅದನ್ನು ಹೇಳುತ್ತಾ ಅವರು ಅತ್ತರು, ಅಮ್ಮ ನಕ್ಕರು. ಅಪ್ಪ ಹೋದ ಮೇಲೆ ಅಮ್ಮ ನಕ್ಕಿದ್ದು ಅವತ್ತೇ ಮೊದಲು. ಮೇಷ್ಟ್ರೇ, ನೀವು ಏನು ಕೊಟ್ಟು ಹೋದಿರಿ ಅನ್ನುವುದು ನಿಮಗೆ ಗೊತ್ತಾಗಲಿ ಅಂತಲೇ ಇದನ್ನು ಬರೆದೆ. ನಗಿಸೋಕೆ ಯಾರನ್ನೂ ಕೆಳಗೆ ಇಳಿಸಬಾರದು ಅನ್ನುವುದು ಅಪ್ಪನ ಬಾಯಲ್ಲಿ ಬಂದ ಮಾತಲ್ಲ, ಅವರು ಬದುಕಿದ ರೀತಿ.

ಆಸ್ಪತ್ರೆಯ ಸಿಸ್ಟರ್‌ಗಳಿಗೆ ಎಷ್ಟು ಹೇಳಿದರೂ ಸಾಲದು. ಅಪ್ಪನಿಗೆ ಬೆಳಿಗ್ಗೆ ಎದ್ದ ಕೂಡಲೇ ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ನೀರಿದೆ ಅಂತ ಗೊತ್ತಾಗಬೇಕು. ಪೇಪರಿನಲ್ಲಿ ಮೊದಲು ನೋಡುತ್ತಿದ್ದದ್ದೂ ಅದನ್ನೇ. ನಾಲೆಯಲ್ಲಿ ನೀರು ಬಂದರೆ ಗದ್ದೆ, ಕಬ್ಬು, ಊಟ ಎಲ್ಲವೂ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ವಾರ್ಡಿನಲ್ಲೂ ಅದೇ ವಿಚಾರಣೆ. ಒಂದು ದಿನ ಸಿಸ್ಟರ್ ಬಿಪಿ ನೋಡಿ, "ತಾತ, ಮೇಲಿಂದು ನೂರಿಪ್ಪತ್ನಾಲ್ಕು" ಅಂದರು. "ಇನ್ನು ಎಂಬತ್ತು ಪಾಯಿಂಟು ಬಂದ್ರೆ ಭರ್ತಿ. ಮುಖ್ಯಮಂತ್ರಿಗಳ್ನ ಕರೀರಿ, ಬಾಗಿನ ಬಿಡ್ಲಿ" ಅಂದರು ಅಪ್ಪ. ಕಟ್ಟೆ ತುಂಬುವುದು 124.80 ಅಡಿಗೆ. ಪಕ್ಕದ ಮಂಚದವರೂ ನಕ್ಕರು. ಮಾರನೇ ದಿನದಿಂದ ಆ ಸಿಸ್ಟರ್ ಕಟ್ಟೆಯ ಮಟ್ಟ ಮೊಬೈಲಿನಲ್ಲಿ ನೋಡಿಕೊಂಡೇ ಡ್ಯೂಟಿಗೆ ಬರುತ್ತಿದ್ದರು. ಮೊದಲು ಅದನ್ನು ಹೇಳಿ, ಆಮೇಲೆ ಇಂಜೆಕ್ಷನ್. ನಿಮ್ಮ ಕೈ ತಣ್ಣಗಿರಲಿ ತಾಯಿ.

ಕಣ್ಣಿನ ವಿಷಯ ತುಂಬ ಜನ ಕೇಳಿದಿರಿ. ಹೌದು, ಕೊಟ್ಟೆವು. 2021ರಲ್ಲಿ ಪುನೀತ್ ತೀರಿಕೊಂಡಾಗಲೇ ಅಪ್ಪ ಹೇಳಿಬಿಟ್ಟಿದ್ದರು: "ಅಣ್ಣಾವ್ರು ಕೊಟ್ರು, ಅಪ್ಪು ಕೊಟ್ಟ, ನಂದೇನು ಹೆಚ್ಚಾ? ನನ್ನ ಕಣ್ಣು ಹಾಕಿಸ್ಕೊಂಡೋರು ಟಿಕೆಟ್ ಇಲ್ದೆ ಹತ್ತಿದೋರ್ನ ದೂರದಿಂದ್ಲೇ ಹಿಡೀತಾರೆ." ಸಕ್ಕರೆ ಕಾಯಿಲೆ ಇತ್ತು, ಕನ್ನಡಕ ಇತ್ತು, ಆಗುತ್ತೋ ಇಲ್ಲವೋ ಅಂತ ಅನುಮಾನವಿತ್ತು. ಅದ್ಯಾವುದೂ ಅಡ್ಡಿಯಲ್ಲ ಅಂದರು ಐ ಬ್ಯಾಂಕಿನವರು. 6 ಗಂಟೆಯೊಳಗೆ ಆಗಬೇಕು. ಅವರು ಬರುವವರೆಗೆ ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಕೆಳಗೆ ದಿಂಬು ಕೊಡಿ ಅಂದರು. ದಿಂಬು ಇಟ್ಟಿದ್ದು ನನ್ನ ಮಗಳು. ನಡುರಾತ್ರಿಯಲ್ಲಿ ಮನೆಗೇ ಬಂದು, ಅಷ್ಟು ಗೌರವದಿಂದ ಕೆಲಸ ಮುಗಿಸಿ, ಅಪ್ಪನಿಗೆ ಕೈಮುಗಿದು ಹೋದ ಆ ಹುಡುಗರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಒಲೆ ಹಚ್ಚದ ನಮ್ಮ ಮನೆಗೆ ಕಾಫಿ, ಉಪ್ಪಿಟ್ಟು ಹೊತ್ತು ತಂದ ಬೀದಿಯವರಿಗೆ, ಅಸ್ಥಿ ಬಿಡೋಕೆ ಪಶ್ಚಿಮವಾಹಿನಿಗೆ ತಮ್ಮನ ಜೊತೆ ಬಂದ ಗೆಳೆಯರಿಗೆ, ಡಿಪೋದಿಂದ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ ಡ್ರೈವರ್ ಅಣ್ಣಂದಿರಿಗೆ, ಎಲ್ಲರಿಗೂ ಋಣಿಗಳು. ಅಪ್ಪನ ಕೊನೇ ಯಾತ್ರೆಯ ಗಾಡಿ ಹೊರಡುವಾಗ ನಿಮ್ಮಲ್ಲೇ ಒಬ್ಬರು ಗಂಟಲು ಕಟ್ಟಿಕೊಂಡು "ರೈಟ್ ರೈಟ್" ಅಂದಿರಿ. ಅದಕ್ಕಿಂತ ಸರಿಯಾದ ಮಾತು ಇನ್ನೊಂದಿರಲಿಲ್ಲ.

ಒಂದು ಬೇಡಿಕೆ ಇದೆ. ಮಗಳು ತಾತನ ಮಾತುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳೆ. ಮನೆಯಲ್ಲಿ ಆಡಿದ್ದು ಅವಳಿಗೆ ಗೊತ್ತು, ಬಸ್ಸಿನಲ್ಲಿ ಆಡಿದ್ದು ಗೊತ್ತಿಲ್ಲ. ನಿಮಗೆ ನೆನಪಿದ್ದರೆ ಸಂಜೆ ಹೊತ್ತು ಮನೆ ಕಡೆ ಬನ್ನಿ. ಅಮ್ಮ ಕಾಫಿ ಕೊಡುತ್ತಾರೆ.